ಮರ ಉಟ್ಟ ಬಟ್ಟೆ

ಬಾಲಿಯಲ್ಲಿ ಮರಗಳೂ ಬಟ್ಟೆ ಉಡುತ್ತವೆ. ನಾಲ್ಕು ದಾರಿ ಕೂಡುವಲ್ಲಿ, ದೇವಸ್ಥಾನದ ಮಗ್ಗುಲಲ್ಲಿ, ನೀರಿನ ಒರತೆಯ ಪಕ್ಕದಲ್ಲಿ ನಿಂತ ಹಳೆಯ ಆಲದ ಬೊಡ್ಡೆಗೆ ಕಪ್ಪು ಬಿಳಿ ಚೌಕಳಿಯ ಬಟ್ಟೆ ಸುತ್ತಿ ಗಂಟು ಹಾಕಿರುತ್ತಾರೆ. ಪೊಲೆಂಗ್ ಎಂದು ಅದರ ಹೆಸರು. ಬುಡದಲ್ಲಿ ತೆಂಗಿನ ಎಳೆಗರಿಯಿಂದ ಹೆಣೆದ ಅಂಗೈಯಗಲದ ತಟ್ಟೆ. ಅದರಲ್ಲಿ ಬಣ್ಣಬಣ್ಣದ ಹೂ, ನಾಲ್ಕಗುಳು ಅನ್ನ, ಹೊಗೆಯಾಡುವ ಊದುಬತ್ತಿ. ಬಾಗಿಲು ಕಾಯುವ ಕಲ್ಲಿನ ವಿಗ್ರಹಗಳಿಗೂ ಇದೇ ಉಡುಗೆ. ಮರಕ್ಕೆ ನಾಚಿಕೆಯಾದೀತೆಂದು ಯಾರೂ ಅದಕ್ಕೆ ಉಡಿಸಿಲ್ಲ. ಅಲ್ಲೊಂದು ಇರವು ಇದೆ, ಹಾದುಹೋಗುವವರು ತುಸು ನಿಂತು ಹೋಗಲಿ ಎಂದು ಉಡಿಸಿದ್ದು.

2022ರ ಮೇ ತಿಂಗಳಲ್ಲಿ ತಬನಾನ್ ಜಿಲ್ಲೆಯ ಬಾಬಾಕನ್ ದೇವಸ್ಥಾನದ ಬಳಿ, 700 ವರ್ಷ ಹಳೆಯದೆಂದು ಹೇಳುವ ಇಂಥದ್ದೊಂದು ಪವಿತ್ರ ಮರಕ್ಕೆ ಒರಗಿ ರಷ್ಯಾದ ಹೆಣ್ಣುಮಗಳೊಬ್ಬಳು ಬೆತ್ತಲೆಯಾಗಿ ಫೋಟೊ ತೆಗೆಸಿಕೊಂಡಳು. ತೆಗೆದವನು ಗಂಡ. ಚಿತ್ರ ಇನ್‌ಸ್ಟಾಗ್ರಾಂಗೆ ಹೋಯಿತು, ಊರು ಕೆರಳಿತು, ಆಕೆ ಕ್ಷಮೆ ಕೇಳಿದಳು. ಇಬ್ಬರನ್ನೂ ದೇಶದಿಂದ ಹೊರಗೆ ಕಳಿಸುವ ಆದೇಶವಾಯಿತು. ಅದರ ಜೊತೆಗೇ, ಮರವಿರುವ ಜಾಗದ ಶುದ್ಧಿಪೂಜೆಯಲ್ಲಿ ಪಾಲ್ಗೊಳ್ಳಬೇಕೆಂದೂ ಅವರಿಗೆ ಹೇಳಲಾಯಿತು.

ಸರ್ಕಾರ ಮಾಡಿದ್ದು ಒಂದು, ಊರು ಬಯಸಿದ್ದು ಇನ್ನೊಂದು. ವಲಸೆ ಇಲಾಖೆ ತಪ್ಪು ಮಾಡಿದವರನ್ನು ನೋಡಿತು, ಊರು ಮರವನ್ನು ನೋಡಿತು. ಪರದೇಶದ ಕಡಲ ದಂಡೆಯಲ್ಲಿ ಮೇಲುಡುಪು ಕಳಚಿ ಬಿಸಿಲು ಕಾಯಿಸುವ ಪ್ರವಾಸಿಗರ ಬಗ್ಗೆ ವರ್ಷ ವರ್ಷವೂ ಏಳುವ ಗದ್ದಲದಲ್ಲಿ ಕಿವಿಗೆ ಬೀಳುವುದು ಬಹುತೇಕ ಮೊದಲನೆಯ ಬಗೆಯ ಮಾತೇ: ಎಲ್ಲಿ ಎಷ್ಟು ದಂಡ, ಎಲ್ಲಿ ಜೈಲು, ಎಲ್ಲಿ ಅಡ್ಡಿಯಿಲ್ಲ. ಆ ಮಾತಿನ ತಳದಲ್ಲಿ ಮಲಗಿರುವುದು ಮಾತ್ರ ಒಂದು ಹಳೆಯ ಧಾರ್ಮಿಕ ಪ್ರಶ್ನೆ. ಮೈಯಲ್ಲಿ ಪಾಪವಿದೆಯೇ? ಇಲ್ಲವೆಂದಾದರೆ ಬಟ್ಟೆ ಯಾತಕ್ಕೆ, ಯಾರಿಗಾಗಿ?

ಎದೆ ತೆರೆದು ಮರಳ ಮೇಲೆ ಮಲಗಿದ ಹೆಂಗಸನ್ನು ಲಜ್ಜೆಗೆಟ್ಟವಳೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಅದು ಅನ್ಯಾಯವೂ ಹೌದು. ಅವಳು ಬಂದ ಊರಿನಲ್ಲಿ ಆ ಬಿಸಿಲಿಗೆ ಒಂದು ಚರಿತ್ರೆ ಇರಬಹುದು. ಸ್ಪೇನನ್ನೇ ನೋಡಿ. ಫ್ರಾಂಕೊನ ಸರ್ವಾಧಿಕಾರದಲ್ಲಿ ಚರ್ಚಿನ ಮಾತಿಗೂ ಪೊಲೀಸರ ಲಾಠಿಗೂ ನಡುವೆ ಹೆಚ್ಚು ದೂರವಿರಲಿಲ್ಲ. 1950ರ ದಶಕದಲ್ಲಿ ಬೆನಿಡೋರ್ಮ್ ಎಂಬ ಮೀನುಗಾರರ ಊರಿನ ಮೇಯರ್ ಪೆದ್ರೊ ಸರಗೋಸ ಕಡಲ ತೀರದಲ್ಲಿ ಬಿಕಿನಿಗೆ ಅನುಮತಿ ಕೊಟ್ಟಾಗ ಅವನನ್ನು ಧರ್ಮದಿಂದ ಹೊರಗೆ ಹಾಕುವ ಮಾತು ಎದ್ದಿತು. ಆತ ವೆಸ್ಪಾ ಸ್ಕೂಟರ್ ಏರಿ ಮ್ಯಾಡ್ರಿಡ್‌ವರೆಗೂ ಹೋಗಿ ಫ್ರಾಂಕೊನನ್ನೇ ಕಂಡು ಬಂದ; ಆ ಪ್ರಯಾಣದ ಕಥೆಯನ್ನು ಮುಪ್ಪಿನಲ್ಲೂ ಹೇಳುತ್ತಿದ್ದ. ಫ್ರಾಂಕೊ ಸತ್ತದ್ದು 1975ರಲ್ಲಿ. ‘ಸಾರ್ವಜನಿಕ ಅಪಚಾರ’ ಎಂಬ ಅಪರಾಧವನ್ನು ದಂಡಸಂಹಿತೆಯಿಂದ ತೆಗೆದುಹಾಕಲು 1988 ಬರಬೇಕಾಯಿತು. ಆ ತಲೆಮಾರಿನ ಸ್ಪೇನಿನ ಹೆಂಗಸಿಗೆ ಎದೆಯ ಮೇಲೆ ಬಿದ್ದ ಬಿಸಿಲು ಎಂದರೆ ಪಾದ್ರಿಯೂ ಪೊಲೀಸನೂ ತನ್ನ ಮೈಯಿಂದ ಕಣ್ಣು ತೆಗೆದರು ಎಂಬ ಬಿಡುಗಡೆ. ಇದನ್ನು ಚಪಲವೆನ್ನಲಾಗದು.

ಫ್ರಾನ್ಸಿನ ಕಥೆ ಇಷ್ಟು ನೇರವಾಗಿಲ್ಲ. 1964ರ ಬೇಸಿಗೆಯಲ್ಲಿ ಸೇಂಟ್ ಟ್ರೊಪೇಜ್‌ನ ದಂಡೆಯಲ್ಲಿ ಟಾಪ್‌ಲೆಸ್ ಬಿಸಿಲಸ್ನಾನ ಸುದ್ದಿಯಾಯಿತು, ಬರಬರುತ್ತಾ ರೂಢಿಯಾಯಿತು. 2020ರ ಆಗಸ್ಟ್‌ನಲ್ಲಿ ದಕ್ಷಿಣದ ಸೇಂತ್ ಮರಿ ಲ ಮೇರ್ ಎಂಬಲ್ಲಿ ಒಂದು ಕುಟುಂಬದ ದೂರಿನ ಮೇಲೆ ಪೊಲೀಸರು ಕೆಲವು ಹೆಂಗಸರಿಗೆ ಮೇಲುಡುಪು ಹಾಕಿಕೊಳ್ಳಿ ಎಂದಾಗ ದೇಶವೇ ಸಿಟ್ಟಾಯಿತು. ಗೃಹಮಂತ್ರಿ ಜೆರಾಲ್ಡ್ ದರ್ಮನಾ ಸ್ವತಃ ಹೆಂಗಸರ ಪರ ನಿಂತರು. ಸ್ವಾತಂತ್ರ್ಯ ಗೆದ್ದಿತು ಎನ್ನೋಣ. ಆದರೆ ಅದಕ್ಕೆ ನಾಲ್ಕೇ ವರ್ಷ ಹಿಂದೆ, ಅದೇ ಮೆಡಿಟರೇನಿಯನ್ ದಂಡೆಯ ನೀಸ್‌ನಲ್ಲಿ ತೆಗೆದ ಚಿತ್ರಗಳನ್ನು ಮರೆಯುವಂತಿಲ್ಲ. ದಂಡೆಯ ಮೇಲೆ ತಲೆವಸ್ತ್ರ ಕಟ್ಟಿ, ಉದ್ದ ತೋಳಿನ ಅಂಗಿ ತೊಟ್ಟು ಒಬ್ಬ ಹೆಂಗಸು ಕೂತಿದ್ದಾಳೆ. ಸುತ್ತ ಪಿಸ್ತೂಲು ಕಟ್ಟಿಕೊಂಡ ನಾಲ್ವರು ಪೊಲೀಸರು. ಅವಳು ಮೇಲಂಗಿ ತೆಗೆಯುತ್ತಿದ್ದಾಳೆ. ಜುಲೈ 14ರಂದು ಆ ನಗರದ ಕಡಲ ರಸ್ತೆಯಲ್ಲಿ ಟ್ರಕ್ ನುಗ್ಗಿಸಿದ ದಾಳಿಯಲ್ಲಿ 86 ಜನ ಸತ್ತಿದ್ದರು. ಆ ಗಾಯದ ಮೇಲೆ ಆ ನಗರದ ಹಾಗೂ ಸುತ್ತಲಿನ ಊರುಗಳ ಮೇಯರ್‌ಗಳು ಮೈ ಮುಚ್ಚುವ ಬುರ್ಕಿನಿಯನ್ನು ನಿಷೇಧಿಸಿದ್ದರು. ಫ್ರಾನ್ಸಿನ ಉನ್ನತ ಆಡಳಿತ ನ್ಯಾಯಾಲಯ ಆಗಸ್ಟ್ 26ರಂದು ವಿಲ್‌ನವ್ ಲುಬೆ ಎಂಬ ಊರಿನ ನಿಷೇಧವನ್ನು ತಡೆಹಿಡಿಯಿತು. ಬುರ್ಕಿನಿ ಹೊಲಿದವಳು ಸಿಡ್ನಿಯ ಅಹೆದಾ ಜನೆಟ್ಟಿ. ಮುಸ್ಲಿಂ ಹುಡುಗಿಯರೂ ಆಟಕ್ಕೆ, ನೀರಿಗೆ ಇಳಿಯಲಿ ಎಂದು 2004ರಲ್ಲಿ ರೂಪಿಸಿದ ಉಡುಪು ಅದು. ಬಿಚ್ಚು ಎನ್ನುವ ಪೊಲೀಸನಿಗೂ ಮುಚ್ಚು ಎನ್ನುವ ಪೊಲೀಸನಿಗೂ ದಂಡೆಯ ಮೇಲೆ ಕೂತವಳ ಕಣ್ಣಿನಿಂದ ನೋಡಿದರೆ ಏನು ವ್ಯತ್ಯಾಸ? ಇಬ್ಬರ ಬೂಟೂ ಅವಳ ಚಾಪೆಯ ಅಂಚಿನಲ್ಲೇ.

ಕನ್ನಡದಲ್ಲಿ ಮಾನ ಎಂದರೆ ಮರ್ಯಾದೆ, ಅಳತೆಯೂ ಮಾನವೇ. ಸೇರು ಪಾವುಗಳ ಮಾನ ಒಂದು, ಮಾನ ಮುಚ್ಚುವ ಬಟ್ಟೆ ಇನ್ನೊಂದು. ಕಾನೂನಿಗೆ ಕೈಗೆಟುಕುವುದು ಅಳತೆಯ ಮಾನ ಮಾತ್ರ. 1922ರಲ್ಲಿ ವಾಷಿಂಗ್ಟನ್ನಿನ ಈಜುದಂಡೆಯಲ್ಲಿ ತೆಗೆದ ಪ್ರಸಿದ್ಧ ಚಿತ್ರವೊಂದರಲ್ಲಿ ದಂಡೆಯ ಕಾವಲಿನವನು ಮಂಡಿಯೂರಿ, ಟೇಪು ಹಿಡಿದು ಹೆಂಗಸಿನ ಈಜುಡುಪಿನ ಅಂಚಿನಿಂದ ಮೊಣಕಾಲಿನವರೆಗೆ ಅಳೆಯುತ್ತಿದ್ದಾನೆ. ಆರು ಇಂಚಿಗಿಂತ ಹೆಚ್ಚು ಕಾಣಬಾರದೆಂಬುದು ಆ ಕಾಲದ ಕಟ್ಟಳೆ. ಅಂದಿನಿಂದ ಟೇಪು ಮೇಲೆ ಕೆಳಗೆ ಸರಿದಾಡಿದೆ, ಕೈಬಿಟ್ಟಿಲ್ಲ.

ಅಳತೆ ಗಂಡಿಗೊಂದು ಹೆಣ್ಣಿಗೊಂದು ಯಾಕೆ ಎಂಬ ಪ್ರಶ್ನೆ ಕೊನೆಗೆ ನ್ಯಾಯಾಲಯಕ್ಕೂ ಬಂತು. 1991ರ ಜುಲೈನ ಸುಡುಬಿಸಿಲಿನಲ್ಲಿ ಕೆನಡಾದ ಗ್ವೆಲ್ಫ್ ಊರಿನ ವಿದ್ಯಾರ್ಥಿನಿಯೊಬ್ಬಳು ಗಂಡಸರಂತೆ ತಾನೂ ಅಂಗಿ ಕಳಚಿ ಬೀದಿಯಲ್ಲಿ ನಡೆದು ದಂಡಕ್ಕೆ ಗುರಿಯಾದಳು. 1996ರಲ್ಲಿ ಒಂಟಾರಿಯೊ ಮೇಲ್ಮನವಿ ನ್ಯಾಯಾಲಯ ಅವಳನ್ನು ಬಿಡುಗಡೆ ಮಾಡಿತು. ನ್ಯೂಯಾರ್ಕಿನಲ್ಲಿ 1992ರಲ್ಲೇ ಇಂಥ ತೀರ್ಪು ಬಂದಿತ್ತು. ಬರ್ಲಿನ್ ನಗರದ ಈಜುಕೊಳಗಳಲ್ಲಿ ಗಂಡಿಗಿರುವ ನಿಯಮವೇ ಹೆಣ್ಣಿಗೂ ಎಂದಾದದ್ದು 2023ರ ಮಾರ್ಚ್‌ನಲ್ಲಿ, ಒಬ್ಬ ಹೆಂಗಸು ದೂರು ಕೊಟ್ಟ ಮೇಲೆ.

ಇದನ್ನೆಲ್ಲ ಪಡುವಣದವರ ಜಗಳವೆಂದು ಕೈತೊಳೆದುಕೊಳ್ಳಲು ಕನ್ನಡ ನಾಡಿಗೆ ಬಾರದು. 981ರಿಂದ ಸುಮಾರು 58 ಅಡಿ ಎತ್ತರದ ಬೆತ್ತಲೆಯನ್ನು ಬೆಟ್ಟದ ಮೇಲೆ ನಿಲ್ಲಿಸಿಕೊಂಡು, ಹನ್ನೆರಡು ವರ್ಷಕ್ಕೊಮ್ಮೆ ಹಾಲು ಚಂದನ ಎರೆದು ಕೈಮುಗಿಯುವ ನಾಡು ಇದು. ಬಟ್ಟೆಗೂ ಮುಕ್ತಿಗೂ ಏನು ಸಂಬಂಧ ಎಂಬ ವಾದವಂತೂ ಇಲ್ಲಿ ತಲೆಮಾರುಗಟ್ಟಲೆ ನಡೆದಿದೆ. ದಿಗಂಬರರ ನಿಲುವು ಖಡಾಖಂಡಿತ: ಬಟ್ಟೆಯೂ ಒಂದು ಪರಿಗ್ರಹ, ಅದನ್ನು ಬಿಡದೆ ಮೋಕ್ಷವಿಲ್ಲ, ಹೆಂಗಸು ಬೆತ್ತಲೆ ಇರಲಾರಳು, ಆದ್ದರಿಂದ ಅವಳಿಗೆ ಆ ಜನ್ಮದಲ್ಲಿ ಮೋಕ್ಷವಿಲ್ಲ. ಇದನ್ನು ಒಪ್ಪದವರು ಯಾಪನೀಯರು. ಒಂದು ಕಾಲಕ್ಕೆ ಬೆಳಗಾವಿ ಧಾರವಾಡ ಸೀಮೆಯಲ್ಲಿ ಬಸದಿಗಳನ್ನೂ ದತ್ತಿಗಳನ್ನೂ ಪಡೆದು ಬಾಳಿದ ಪಂಥ ಅದು. ಈಗ ಶಾಸನಗಳಲ್ಲಷ್ಟೇ ಉಳಿದಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಯಾಪನೀಯ ಆಚಾರ್ಯ ಶಾಕಟಾಯನ, ವ್ಯಾಕರಣಕ್ಕೆ ಹೆಸರಾದವನು, ಹೆಣ್ಣಿನ ಮುಕ್ತಿಯನ್ನು ಸಮರ್ಥಿಸಲೆಂದೇ ‘ಸ್ತ್ರೀನಿರ್ವಾಣ ಪ್ರಕರಣ’ ಬರೆದ. ಮೈಮೇಲಿನ ಬಟ್ಟೆ ಬಂಧನವಾಗುವುದು ಅದರ ಮೇಲೆ ಮಮಕಾರವಿದ್ದಾಗ ಮಾತ್ರ, ನಿಯಮಕ್ಕಾಗಿ ಉಟ್ಟದ್ದು ಆತ್ಮವನ್ನು ಕಟ್ಟಲಾರದು ಎಂಬುದು ಅವನ ವಾದದ ತಿರುಳು. ಯಾಪನೀಯ ಮುನಿಗಳು ಸ್ವತಃ ಬೆತ್ತಲೆ ಇರುತ್ತಿದ್ದವರು. ತಾವು ಬಟ್ಟೆ ಬಿಟ್ಟವರು, ಉಟ್ಟವಳ ಪರವಾಗಿ ವಾದಿಸಿದರು. ಇಂದು ಎರಡೂ ಕಡೆ ಕೂಗಾಡುವವರಲ್ಲಿ ಈ ದೊಡ್ಡತನ ಹುಡುಕಿದರೂ ಸಿಗದು.

ಶಾಕಟಾಯನನ ಮಾತು ಒಬ್ಬ ವ್ಯಕ್ತಿಯ ಆತ್ಮದ ಮಟ್ಟಿಗೆ ಸಾಕು. ಪ್ರವಾಸಿಯ ಮಟ್ಟಿಗೆ ಸಾಲದು. ಯಾಕೆಂದರೆ ಪ್ರವಾಸಿ ಒಬ್ಬಂಟಿಯಾಗಿ ಬರುವುದಿಲ್ಲ. ಅವನಿಗಿಂತ, ಅವಳಿಗಿಂತ ಮೊದಲು ಬಂದುಹೋದ ಕಣ್ಣುಗಳ ನೆನಪು ಆ ಊರಿಗಿರುತ್ತದೆ.

ಬಾಲಿಗೆ ಆ ನೆನಪು ಗಾಢವಾಗಿದೆ. ನೂರು ವರ್ಷದ ಹಿಂದೆ ಅಲ್ಲಿ ಗಂಡಸರೂ ಹೆಂಗಸರೂ ಸೊಂಟದ ಮೇಲೆ ಏನೂ ತೊಡದೆ ಗದ್ದೆಗೆ, ಸಂತೆಗೆ, ಹೊಳೆಗೆ ಹೋಗುವುದು ದಿನನಿತ್ಯದ ಮಾತು. ದೇವಸ್ಥಾನಕ್ಕೆ ಹೋಗುವಾಗ, ವಿಶೇಷದ ದಿನಗಳಲ್ಲಿ ಹೆಂಗಸರು ಎದೆಗೊಂದು ಉದ್ದನೆಯ ವಸ್ತ್ರ ಸುತ್ತಿಕೊಳ್ಳುತ್ತಿದ್ದರು. ಅದು ಎದುರಿಗಿರುವವರಿಗೆ ಕೊಡುವ ಗೌರವ. 1906ರಲ್ಲಿ ಡಚ್ಚರ ಫಿರಂಗಿಗಳ ಎದುರು ಬಾಡುಂಗ್‌ನ ಅರಮನೆಯವರು ಬಿಳಿ ಉಟ್ಟು ನಡೆದು ಸತ್ತರು. ಎರಡು ವರ್ಷದಲ್ಲಿ ಇಡೀ ದ್ವೀಪ ಡಚ್ಚರದಾಯಿತು. ಅದಾದ ಮೇಲೆ ಬಂದದ್ದು ಕ್ಯಾಮೆರಾ. ಬಂಗ್ಲಿಯಲ್ಲಿ ಕೆಲಸ ಮಾಡಿದ ಜರ್ಮನ್ ವೈದ್ಯ ಗ್ರೆಗೊರ್ ಕ್ರೌಸ ತೆಗೆದ ಚಿತ್ರಗಳು 1920ರಲ್ಲಿ ಜರ್ಮನಿಯಲ್ಲಿ ಪುಸ್ತಕವಾದವು. ಹೊಳೆಯಲ್ಲಿ ಮೀಯುವವರು, ಬುಟ್ಟಿ ಹೊತ್ತವರು, ತಮ್ಮ ಪಾಡಿಗೆ ತಾವಿದ್ದವರು ಯುರೋಪಿನ ಬೈಠಕ್‌ಖಾನೆಗಳ ಮೇಜಿನ ಮೇಲೆ ಬೆತ್ತಲೆಯಾದರು. ತಮ್ಮ ಊರಿನಲ್ಲಿ ಅವರು ಬೆತ್ತಲೆ ಇರಲೇ ಇಲ್ಲ. 1928ರಲ್ಲಿ ಡೆನ್‌ಪಸಾರ್‌ನಲ್ಲಿ ಬಾಲಿ ಹೋಟೆಲ್ ತೆರೆಯಿತು, ಡಚ್ ಹಡಗು ಕಂಪನಿ ಪ್ರವಾಸಿಗರನ್ನು ತಂದಿಳಿಸಿತು, 1930ರ ದಶಕದಲ್ಲಿ ಬಾಲಿಯ ಹುಡುಗಿಯರ ಎದೆಯನ್ನೇ ಬಂಡವಾಳ ಮಾಡಿಕೊಂಡ ಸಿನಿಮಾಗಳು ಅಮೆರಿಕದಲ್ಲಿ ಓಡಿದವು.

ನೋಡುವ ಕಣ್ಣು ಬದಲಾದರೆ ಮೈಯ ಅರ್ಥವೇ ಬದಲಾಗುತ್ತದೆ ಎಂಬುದನ್ನು ಬಾಲಿಯವರು ಶಾಸ್ತ್ರದಿಂದ ಕಲಿಯಲಿಲ್ಲ, ಮೈಯಿಂದ ಕಲಿತರು. ಸ್ವಾತಂತ್ರ್ಯ ಬಂದ ಮೇಲೆ, 1950ರ ದಶಕದ ಹೊತ್ತಿಗೆ, ಹೊಸ ಇಂಡೊನೇಷ್ಯಾದ ಒತ್ತಾಯವೂ ಸೇರಿ ಹರೆಯದವರು ರವಿಕೆ ತೊಟ್ಟರು. ಹಳ್ಳಿಯ ಅಜ್ಜಿಯರು ಇನ್ನೂ ಕೆಲವು ದಶಕ ಹಾಗೆಯೇ ಅಂಗಳದಲ್ಲಿ ಕೂತಿರುತ್ತಿದ್ದರು. 1970ರ ದಶಕದಲ್ಲಿ ಕುತಾ ದಂಡೆಗೆ ಯುರೋಪು, ಆಸ್ಟ್ರೇಲಿಯಾದ ಹುಡುಗ ಹುಡುಗಿಯರು ಬಂದು ಬಟ್ಟೆ ಕಳಚತೊಡಗಿದಾಗ, ಇವರ ಅಜ್ಜಂದಿರು ನೋಡಲು ಬಂದಿದ್ದ ಊರು ಉಟ್ಟು ನಿಂತಿತ್ತು.

ಹಾಗೆಂದು ಬಾಲಿ ಮಡಿವಂತರ ದ್ವೀಪವಾಯಿತು ಎಂದರೆ ತಪ್ಪಾದೀತು. 2008ರಲ್ಲಿ ಇಂಡೊನೇಷ್ಯಾದ ಸಂಸತ್ತು ಅಶ್ಲೀಲತೆಯ ವಿರುದ್ಧ ಕಠಿಣ ಕಾನೂನು ತಂದಾಗ ಬೀದಿಗಿಳಿದು ಗಟ್ಟಿಯಾಗಿ ವಿರೋಧಿಸಿದವರಲ್ಲಿ ಬಾಲಿಯ ಹಿಂದೂಗಳು ಮುಂದಿದ್ದರು. ತಮ್ಮ ಶಿಲ್ಪ, ಕುಣಿತ ಎಲ್ಲವೂ ಅಪರಾಧದ ಪಟ್ಟಿಗೆ ಸೇರುತ್ತವೆ ಎಂಬುದು ಅವರ ಅಳಲು. ಆಗಿನ ಗವರ್ನರ್ ಮಾದೆ ಮಂಗ್ಕು ಪಾಸ್ತಿಕಾ ಬಾಲಿಯಲ್ಲಿ ಇದನ್ನು ಜಾರಿಗೆ ತರಲಾಗದು ಎಂದರು. ಅದೇ ಬಾಲಿ 2023ರಲ್ಲಿ, ಗವರ್ನರ್ ವಯಾನ್ ಕೊಸ್ತರ್ ಅವರ ಸುತ್ತೋಲೆಯ ಮೂಲಕ, ಬರುವ ಪ್ರವಾಸಿಗರಿಗೆ ಮಾಡಬೇಕಾದ ಮಾಡಬಾರದ ಸಂಗತಿಗಳ ಪಟ್ಟಿ ಕೊಡತೊಡಗಿತು. ಇದರಲ್ಲಿ ವಿರೋಧಾಭಾಸ ಕಾಣುವವರು ಮರದ ಬಟ್ಟೆಯನ್ನು ಸರಿಯಾಗಿ ನೋಡಿಲ್ಲ. ಬಾಲಿಯವರ ತಕರಾರು ಮೈಯ ಮೇಲಲ್ಲ. ಅವರು ಕೇಳುವುದು, ಈ ಜಾಗದಲ್ಲಿ ಯಾರು ಇದ್ದಾರೆಂದು ನಿನಗೆ ಗೊತ್ತೇ ಎಂದು.

ಇದೇ ಪ್ರಶ್ನೆ ಇನ್ನೂ ತೀಕ್ಷ್ಣವಾಗಿ ಎದ್ದದ್ದು ಮಲೇಷ್ಯಾದ ಸಬಾದಲ್ಲಿ. 4,095 ಮೀಟರ್ ಎತ್ತರದ ಕಿನಬಾಲು ಬೆಟ್ಟ ಕಡಜಾನ್ ದುಸುನ್ ಜನರ ಪಾಲಿಗೆ ತೀರಿಹೋದ ಹಿರಿಯರ ನೆಲೆ. 2015ರ ಮೇ 30ರಂದು ಹತ್ತು ಮಂದಿ ಪಾಶ್ಚಾತ್ಯ ಪ್ರವಾಸಿಗರು ಅದರ ನೆತ್ತಿಯ ಹತ್ತಿರ ಬಟ್ಟೆ ಕಳಚಿ ಫೋಟೊ ತೆಗೆದುಕೊಂಡರು. ಜೂನ್ 5ರಂದು ಭೂಮಿ ನಡುಗಿತು, ಬೆಟ್ಟದ ಮೇಲಿದ್ದ 18 ಮಂದಿ ಸತ್ತರು. ಸಿಂಗಪುರದಿಂದ ಬಂದಿದ್ದ ಶಾಲಾಮಕ್ಕಳು, ಅವರೊಂದಿಗಿದ್ದ ಶಿಕ್ಷಕರು, ದಾರಿ ತೋರುತ್ತಿದ್ದ ಅದೇ ಬೆಟ್ಟದ ಮಕ್ಕಳು. ಬೆಟ್ಟ ಮುನಿಯಿತು ಎಂದರು, ಮಂತ್ರಿಯಾದವರೂ ಹೇಳಿದರು. ಭೂಕಂಪದ ಕಾರಣ ನೆಲದಾಳದ ಬಂಡೆಗಳ ಸರಿದಾಟ. ಬತ್ತಲೆ ಮೈಗೂ ಅದಕ್ಕೂ ನಂಟಿಲ್ಲ. ಸಾವಿನ ಹೊರೆಯನ್ನು ಯಾರದೋ ಮೈಮೇಲೆ ಹೇರುವುದು ಕ್ರೌರ್ಯ, ಮತ್ತು ಅಂಥ ಹೊರೆ ಬೀಳುವುದು ಹೆಚ್ಚಾಗಿ ಹೆಂಗಸಿನ ಮೇಲೆಯೇ. ಇಷ್ಟನ್ನು ಸ್ಪಷ್ಟವಾಗಿ ಹೇಳಿದ ಮೇಲೂ ಆ ಜನರ ನೋವು ಹಾಗೆಯೇ ಉಳಿಯುತ್ತದೆ.

ನಾಲ್ವರನ್ನು ಹಿಡಿದು ನ್ಯಾಯಾಲಯಕ್ಕೆ ತಂದರು. ಹಾಕಿದ ಕಲಮು 294. ಕನ್ನಡ ಓದುಗರಿಗೆ ಆ ಸಂಖ್ಯೆ ಅಪರಿಚಿತವಲ್ಲ: ಮಲೇಷ್ಯಾದ ದಂಡಸಂಹಿತೆ 1860ರ ಭಾರತೀಯ ದಂಡಸಂಹಿತೆಯ ಅಚ್ಚಿನಲ್ಲೇ ಎರಕ ಹೊಯ್ದದ್ದು, ಸಾರ್ವಜನಿಕ ಜಾಗದ ಅಶ್ಲೀಲ ಕೃತ್ಯಕ್ಕೆ ಎರಡೂ ಕಡೆ ಅದೇ ಕಲಮು. ಭಾರತದಲ್ಲಿ ಅದೀಗ ನ್ಯಾಯಸಂಹಿತೆಯ 296 ಆಗಿದೆ. ಮೂರು ದಿನ ಜೈಲು, ತಲಾ 5,000 ರಿಂಗಿಟ್ ದಂಡ. ಕಾನೂನಿನ ಲೆಕ್ಕ ಚುಕ್ತಾ. ದುಸುನ್ ಹಿರಿಯರ ಲೆಕ್ಕ ಬೇರೆ. ಅವರಲ್ಲಿ ಸೊಗಿತ್ ಎಂಬ ಪದ್ಧತಿಯಿದೆ. ತಪ್ಪಾದಾಗ ಕೋಣವನ್ನೋ ಹಂದಿಯನ್ನೋ ಕೊಟ್ಟು, ಕದಡಿದ್ದನ್ನು ತಿಳಿಯಾಗಿಸುವುದು. ಸೊಗಿತ್‌ನಲ್ಲಿ ಅಶ್ಲೀಲ ಎಂಬ ಮಾತಿಗೆ ಜಾಗವಿಲ್ಲ. ಬೆಟ್ಟಕ್ಕೂ ಜನರಿಗೂ ನಡುವಿನ ನಂಟು ಹರಿದಿದೆ, ಹೊಲಿಯಬೇಕು, ಅಷ್ಟೇ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷರು ಏಷ್ಯಾಕ್ಕೆ ಕಲಿಸಿಹೋದ ‘ಅಶ್ಲೀಲ’ವನ್ನು ಹಿಡಿದು ಅವರ ಮೊಮ್ಮಕ್ಕಳನ್ನೇ ಶಿಕ್ಷಿಸುವುದಕ್ಕಿಂತ ಸೊಗಿತ್‌ನ ದಾರಿ ಹೆಚ್ಚು ಧಾರ್ಮಿಕವಾದುದು, ಹೆಚ್ಚು ಮಾನವೀಯವೂ ಆದುದು.

ಮಾಲ್ಡೀವ್ಸ್ ಈ ಪ್ರಶ್ನೆಯನ್ನು ಸಮುದ್ರದಿಂದಲೇ ಬಗೆಹರಿಸಲು ನೋಡಿತು. 1972ರಲ್ಲಿ ಪ್ರವಾಸೋದ್ಯಮ ಶುರುವಾದಾಗ ರೆಸಾರ್ಟುಗಳಿಗೆ ಜನವಸತಿಯಿಲ್ಲದ ದ್ವೀಪಗಳನ್ನು ಕೊಟ್ಟಿತು. ಅಲ್ಲಿ ಬಿಕಿನಿ ನಡೆಯುತ್ತದೆ, ಮದ್ಯ ನಡೆಯುತ್ತದೆ. ಟಾಪ್‌ಲೆಸ್ ಮಾತ್ರ ಅಲ್ಲಿಯೂ ಕೂಡದು. 2009ರಿಂದೀಚೆಗೆ ಊರ ದ್ವೀಪಗಳಲ್ಲೂ ಅತಿಥಿಗೃಹಗಳು ಬಂದ ಮೇಲೆ ಮಾಫುಶಿಯಂಥ ಕಡೆ ‘ಬಿಕಿನಿ ಬೀಚ್’ ಎಂಬ ಫಲಕ ನೆಟ್ಟು, ದಂಡೆಯ ಒಂದು ತುಂಡಿಗೆ ಮರೆ ಕಟ್ಟಿದರು. 2020ರ ಫೆಬ್ರುವರಿಯಲ್ಲಿ ಅದೇ ಮಾಫುಶಿಯ ರಸ್ತೆಯಲ್ಲಿ ಬಿಕಿನಿ ತೊಟ್ಟು ನಡೆದ ಬ್ರಿಟಿಷ್ ಪ್ರವಾಸಿ ಹೆಂಗಸನ್ನು ಪೊಲೀಸರು ಒರಟಾಗಿ ಹಿಡಿದೆಳೆದ ವಿಡಿಯೊ ಹಬ್ಬಿ, ಪೊಲೀಸ್ ಮುಖ್ಯಸ್ಥರು ಕ್ಷಮೆ ಕೇಳಬೇಕಾಯಿತು. ಮರೆ ಕಟ್ಟಿದ್ದರಿಂದ ವ್ಯಾಪಾರ ಉಳಿಯಿತು, ಊರಿನವರೂ ಬಂದವರೂ ಒಬ್ಬರನ್ನೊಬ್ಬರು ಅರಿಯುವ ಕಷ್ಟ ತಪ್ಪಿತು. ಆ ಕಷ್ಟ ತಪ್ಪಿದ್ದು ಲಾಭವೋ ನಷ್ಟವೋ, ಯೋಚಿಸಬೇಕಾದ್ದು.

ಗೋಕರ್ಣದವರಿಗೆ ಆ ಕಷ್ಟ ತಪ್ಪಿಲ್ಲ. ಮಹಾಬಲೇಶ್ವರನ ಗರ್ಭಗುಡಿಗೆ ಗಂಡಸರು ಅಂಗಿ ಬನಿಯನ್ನು ಕಳಚಿ, ಪಂಚೆ ಉಟ್ಟು ಹೋಗಬೇಕು; ಅಲ್ಲಿ ತೆರೆದ ಎದೆ ಮಡಿ. ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಓಂ ಬೀಚು. ಗೋವಾದ ಗದ್ದಲ ಬೇಡವೆಂದು ವಿದೇಶಿಯರು ಬರುವ ದಂಡೆಗಳು. ಅಲ್ಲಿ ತೆರೆದ ಎದೆ, ಹೆಣ್ಣಿನದಾದರೆ, ಅಪರಾಧ. ಒಂದೇ ಊರು, ಒಂದೇ ಉಪ್ಪುಗಾಳಿ. ದೇವಸ್ಥಾನದ ಈ ಪದ್ಧತಿಯೂ ಪ್ರಶ್ನೆಯಿಂದ ಹೊರತಾಗಿಲ್ಲ: 2024ರ ಕೊನೆಯ ದಿನ ಕೇರಳದ ಶಿವಗಿರಿ ಮಠದ ಸ್ವಾಮಿ ಸಚ್ಚಿದಾನಂದರು, ಗಂಡಸರ ಅಂಗಿ ತೆಗೆಸುವುದು ಜನಿವಾರ ಇದೆಯೇ ಎಂದು ನೋಡಲು ಹುಟ್ಟಿದ ರೂಢಿ, ಅದನ್ನು ಬಿಡಬೇಕು ಎಂದರು. ಅದೇ ನೆಲದಲ್ಲಿ, ಹಳೆಯ ತಿರುವಾಂಕೂರಿನಲ್ಲಿ, ಮೇಲುಜಾತಿಯವರೆದುರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ನಾಡಾರ್ ಹೆಂಗಸರು ದಶಕಗಟ್ಟಲೆ ಹೊಡೆತ ತಿಂದು, 1859ರಲ್ಲಿ ಅದನ್ನು ಪಡೆದರು. ಬಾಲಿಯಲ್ಲಿ ಗೌರವಕ್ಕೆಂದು ಸುತ್ತಿಕೊಂಡ ಬಟ್ಟೆಯನ್ನೇ ಇಲ್ಲಿ ಗೌರವದ ಹೆಸರಿನಲ್ಲಿ ಕಿತ್ತುಹಾಕಿದ್ದರು. ಆದ್ದರಿಂದ ‘ಇದು ನಮ್ಮ ಸಂಸ್ಕೃತಿ’ ಎಂದು ಪ್ರವಾಸಿಗೆ ಹೇಳುವ ಮೊದಲು, ಆ ಸಂಸ್ಕೃತಿ ಯಾರ ಮೈಮೇಲೆ ಬರೆದದ್ದು ಎಂದು ಹೇಳುವವರೂ ಒಮ್ಮೆ ನೋಡಿಕೊಳ್ಳಬೇಕು.

2024ರ ಮಾರ್ಚ್ ಕೊನೆಯಿಂದ ಬೆಂಗಳೂರಿನಿಂದಲೇ ಬಾಲಿಗೆ ನೇರ ವಿಮಾನವಿದೆ. ಇಳಿಯುವ ವಿದೇಶಿ ಪ್ರವಾಸಿಗರಿಂದ 1,50,000 ರುಪಿಯಾ ಪ್ರವಾಸಿ ತೆರಿಗೆ ಪಡೆಯುತ್ತಾರೆ. ತೀರ್ಥಾ ಎಂಪುಲ್ ದೇವಸ್ಥಾನದ ಬಾಗಿಲಲ್ಲಿ ಸರೋಂಗು ಕೊಡುವ ಕಟ್ಟೆಯಿದೆ. ಚಡ್ಡಿ ತೊಟ್ಟ ಗಂಡಸಿಗೂ, ಗಿಡ್ಡ ಫ್ರಾಕಿನ ಹುಡುಗಿಗೂ, ಪ್ಯಾಂಟು ತೊಟ್ಟು ಮೈತುಂಬ ಮುಚ್ಚಿಕೊಂಡವರಿಗೂ ಅದೇ ಸರೋಂಗು, ನಡುವಿಗೆ ಕಟ್ಟಲು ಅದೇ ಸೆಲೆಂಡಂಗ್ ಪಟ್ಟಿ. ಮೊಣಕಾಲು ಮುಚ್ಚುವುದಷ್ಟೇ ಉದ್ದೇಶವಾಗಿದ್ದರೆ ಪ್ಯಾಂಟು ಸಾಕಿತ್ತು. ಗಂಟು ಹಾಕಲು ಬಾರದೆ ತಡಕಾಡುವವರಿಗೆ ಅಲ್ಲಿನವರು ತಾವೇ ಕಟ್ಟಿಕೊಡುತ್ತಾರೆ, ಮರಕ್ಕೆ ಕಟ್ಟಿದ ಹಾಗೆಯೇ. ಕನ್ನಡದಲ್ಲಿ ಕೊಡುಗೆಗೆ ಉಡುಗೊರೆ ಎನ್ನುತ್ತಾರಲ್ಲ, ಉಡಲು ಕೊಡುವುದು, ಆ ಮಾತು ಅಲ್ಲಿ ಕೈಗೆ ಸಿಗುತ್ತದೆ.

ಬಾಲಿಯವರ ಹೊಸ ವರ್ಷ ಶಕ ಪಂಚಾಂಗದ್ದು. ಎಷ್ಟೋ ಸಲ ಅದು ಯುಗಾದಿಯ ದಿನವೋ ಅದರ ಹಿಂದುಮುಂದಿನ ದಿನವೋ ಬರುತ್ತದೆ. ಅದಕ್ಕೆ ಕೆಲವು ದಿನ ಮೊದಲು ಊರೂರಿನವರು ಬಿಳಿ ಉಟ್ಟು, ದೇವರ ಪ್ರತಿಮೆಗಳನ್ನು ಛತ್ರಿ ಜಾಗಟೆಗಳೊಂದಿಗೆ ಹೊತ್ತು ಕಡಲಿಗೆ ಬರುತ್ತಾರೆ. ಮೆಲಾಸ್ತಿ ಎಂಬ ಆ ಮೆರವಣಿಗೆ ಬಂದಿಳಿಯುವುದು ಪ್ರವಾಸಿಗರು ಟವೆಲು ಹಾಸಿ ಮಲಗುವ ದಂಡೆಗಳಿಗೇ. 2023ರಲ್ಲಿ ಶಕ 1945 ಹುಟ್ಟಿದ್ದು ಮಾರ್ಚ್ 22ರಂದು, ಕರ್ನಾಟಕದಲ್ಲೂ ಬಾಲಿಯಲ್ಲೂ. ಇಲ್ಲಿ ಮಕ್ಕಳ ಬೆತ್ತಲೆ ಮೈಗೆ ಎಣ್ಣೆ ತಿಕ್ಕಿ ಬಿಸಿಲಿಗೆ ನಿಲ್ಲಿಸುವ ಹೊತ್ತಿಗೆ ಅಲ್ಲಿ ನ್ಯೆಪಿಯ ಮೌನ: ವಿಮಾನ ನಿಲ್ದಾಣಕ್ಕೆ ಬೀಗ, ಬೆಂಕಿ ಹಚ್ಚುವಂತಿಲ್ಲ, ಮನೆಯಿಂದ, ಹೋಟೆಲಿನಿಂದ ಯಾರೂ ಹೊರಗೆ ಬರುವಂತಿಲ್ಲ. ದಂಡೆಯ ಮರಳಿನಲ್ಲಿ ಉಟ್ಟವರೂ ಇಲ್ಲ, ಬಿಟ್ಟವರೂ ಇಲ್ಲ. ಸೊಂಟಕ್ಕೆ ಕಪ್ಪು ಬಿಳಿ ಚೌಕಳಿ ಸುತ್ತಿಕೊಂಡ ಊರ ಕಾವಲಿನವರು ಇಬ್ಬಿಬ್ಬರಾಗಿ ನಡೆದು ಹೋಗುತ್ತಾರೆ.